ಓದುಗರ ಪ್ರಶ್ನೆ: ‘ಹಿಂದಕ್ಕೆ ಹೋಗುವುದಿಲ್ಲ’ ಎಂದು ಕೂತವರ ಬಗ್ಗೆ

ಪ್ರಶ್ನೆ: ಹೊರದೇಶಗಳಲ್ಲಿ ಆಶ್ರಯ ಕೇಳಿಕೊಂಡು ಹೋದವರು, ಅರ್ಜಿ ತಿರಸ್ಕಾರವಾದ ಮೇಲೆ ‘ನಮ್ಮನ್ನು ವಾಪಸ್ ಕಳಿಸಬೇಡಿ’ ಎಂದು ಬೀದಿಯಲ್ಲಿ ಕೂರುವುದು, ಉಪವಾಸ ಮಾಡುವುದು, ತುಟಿಯನ್ನೇ ಹೊಲಿದುಕೊಳ್ಳುವುದು ಇವನ್ನೆಲ್ಲ ಟಿ.ವಿ.ಯಲ್ಲಿ ನೋಡುತ್ತೇವೆ. ಬೇಡಿ ಬಂದವರಿಗೆ ಪ್ರತಿಭಟಿಸುವ ಹಕ್ಕು ಎಲ್ಲಿಂದ ಬಂತು? ಇದು ಉಂಡ ಮನೆಯ ಜಂತೆ ಎಣಿಸಿದಂತೆ ಆಗಲಿಲ್ಲವೇ?
— ನಿವೃತ್ತ ಶಿಕ್ಷಕರು, ತಿಪಟೂರು

ಉತ್ತರ: ನಿಮ್ಮ ಗಾದೆಯಿಂದಲೇ ಶುರುಮಾಡುತ್ತೇನೆ. ಉಂಡ ಮನೆಯ ಜಂತೆ ಎಣಿಸಬಾರದು, ಒಪ್ಪಿದೆ. ಆದರೆ ಆಶ್ರಯ ಕೋರಿ ಬಂದವನನ್ನು ಇನ್ನೂ ಯಾರೂ ಪಂಕ್ತಿಗೆ ಕೂರಿಸಿಲ್ಲ, ಎಲೆ ಹಾಕಿಲ್ಲ. ಒಳಗಿನವರು ಬಾ ಎನ್ನುತ್ತಾರೋ ಹೋಗು ಎನ್ನುತ್ತಾರೋ ಎಂದು ಅವನು ಜಗಲಿಯ ಮೇಲೆಯೇ ಕಾಯುತ್ತಿದ್ದಾನೆ. 1951ರ ನಿರಾಶ್ರಿತರ ಒಪ್ಪಂದದ 33ನೇ ವಿಧಿಯ ಪ್ರಕಾರ, ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ನಿಲುವು ಮೊದಲಾದ ಕಾರಣಗಳಿಗಾಗಿ ಯಾರ ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿದೆಯೋ ಅಂಥವರನ್ನು ಆ ಅಪಾಯವಿರುವ ನೆಲಕ್ಕೆ ಮರಳಿ ತಳ್ಳುವಂತಿಲ್ಲ. ಹಾಗಾದರೆ ಅಪಾಯ ನಿಜವೇ ಎಂಬುದನ್ನು ತೀರ್ಮಾನಿಸುವವರು ಯಾರು? ಒಬ್ಬ ಅಧಿಕಾರಿ, ಒಬ್ಬ ದುಭಾಷಿ, ಮೇಜಿನ ಮೇಲಿನ ಒಂದು ಕಡತ. ನಮ್ಮಲ್ಲಿ ಜಮೀನಿನ ವ್ಯಾಜ್ಯದಲ್ಲಿ ಸೋತವನು ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಹೈಕೋರ್ಟಿಗೆ ಹೋಗುತ್ತಾನೆ. ಇಪ್ಪತ್ತು ವರ್ಷ ಕಳೆದರೂ ಜಮೀನು ಇದ್ದಲ್ಲೇ ಇರುತ್ತದೆ. ಇಲ್ಲಿ ಹಾಗಲ್ಲ. ವಿಮಾನ ಹೊರಟುಹೋದ ಮೇಲೆ ತೀರ್ಪು ತಪ್ಪೆಂದು ಗೊತ್ತಾದರೆ ತಿದ್ದುವುದಕ್ಕೆ ಮನುಷ್ಯನೇ ಉಳಿದಿರದೆ ಹೋಗಬಹುದು. ಕೊನೆಯ ವಾರದಲ್ಲಿ ಅವರು ಅಷ್ಟು ಗದ್ದಲ ಮಾಡುವುದಕ್ಕೆ ಇದೇ ಕಾರಣ.

ತುಟಿ ಹೊಲಿದುಕೊಂಡವರ ಮಾತನ್ನು ಎತ್ತಿದ್ದೀರಿ. 2002ರ ಜನವರಿಯಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿಯಲ್ಲಿದ್ದ ವೂಮೆರಾ ಬಂಧನ ಕೇಂದ್ರದಲ್ಲಿ ಅಫ್ಗನ್ನರು ಹಾಗೆ ಮಾಡಿದರು. ತಾಲಿಬಾನ್ ಉರುಳಿತೆಂಬ ಕಾರಣಕ್ಕೆ ಅವರ ಅರ್ಜಿಗಳ ಪರಿಶೀಲನೆಯನ್ನು ಸರ್ಕಾರ ನಿಲ್ಲಿಸಿಟ್ಟಿತ್ತು; ನಿಂತುಹೋದ ಪರಿಶೀಲನೆಯನ್ನು ಮತ್ತೆ ಆರಂಭಿಸಿ ಎಂಬುದು ಅವರ ಮುಖ್ಯ ಬೇಡಿಕೆಯಾಗಿತ್ತು. ದೃಶ್ಯ ಭೀಕರವಾಗಿತ್ತು, ನೋಡಿದವರಲ್ಲಿ ಅನೇಕರಿಗೆ ಮರುಕಕ್ಕಿಂತ ಅಸಹ್ಯವೇ ಹೆಚ್ಚಾಯಿತು. ಆದರೂ ಅವರು ಕೇಳಿದ್ದು, ನಮ್ಮ ಕಡತವನ್ನು ಬಿಚ್ಚಿ ಎಂದಷ್ಟೆ.

ಇನ್ನೊಂದು ಮಾತು, ಇದು ನಮ್ಮ ಭಾಷೆಗೆ ಸಂಬಂಧಿಸಿದ್ದು. ಇಂಥ ಸುದ್ದಿಗೆ ನಮ್ಮ ಪತ್ರಿಕೆಗಳು ‘ಗಡೀಪಾರು’ ಎಂದು ಶೀರ್ಷಿಕೆ ಕೊಡುತ್ತವೆ. ನಮಗೆ ಆ ಪದ ಪರಿಚಯವಾಗಿರುವುದು ಹಬ್ಬಕ್ಕೋ ಚುನಾವಣೆಗೋ ಮುಂಚೆ ರೌಡಿಶೀಟರ್‌ಗಳನ್ನು ಜಿಲ್ಲೆಯಿಂದ ಹೊರಗೆ ಹಾಕುವ ಸುದ್ದಿಯಲ್ಲಿ. ಹೀಗಾಗಿ ಆಶ್ರಯಾರ್ಥಿಯ ಕಥೆ ಓದುವ ಮೊದಲೇ ಅವನು ನಮ್ಮ ಮನಸ್ಸಿನಲ್ಲಿ ಅರ್ಧ ಅಪರಾಧಿಯಾಗಿರುತ್ತಾನೆ. ಹಾಗೆ ನೋಡಿದರೆ, 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಗಡೀಪಾರಾಗುವ ರೌಡಿಗೂ ಆದೇಶಕ್ಕೆ ಮುಂಚೆ ನೋಟಿಸು ಕೊಟ್ಟು ಅವನ ವಿವರಣೆ ಕೇಳಬೇಕು.

ಪ್ರಶ್ನೆ: ಪ್ರತಿಭಟನೆಯಿಂದ ಅವರಿಗೆ ಜನರ ಸಹಾನುಭೂತಿ ಕಡಿಮೆಯಾಗುವುದಿಲ್ಲವೇ? ಸುಮ್ಮನಿದ್ದರೆ ಒಳ್ಳೆಯದಾಗುತ್ತಿತ್ತೇನೋ.
— ರೇಷ್ಮೆ ಬೆಳೆಗಾರರು, ಶಿಡ್ಲಘಟ್ಟ

ಉತ್ತರ: ಕಡಿಮೆಯಾಗುತ್ತದೆ, ಅನುಮಾನವಿಲ್ಲ. ನಿಮ್ಮ ಕಡೆಯ ಅನುಭವವನ್ನೇ ನೆನೆಯಿರಿ. 2016ರ ಮಾರ್ಚ್‌ನಲ್ಲಿ ಶಾಶ್ವತ ನೀರಾವರಿಗಾಗಿ ಕೋಲಾರ, ಚಿಕ್ಕಬಳ್ಳಾಪುರದ ರೈತರು ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟಾಗ, ಸಾವಿರ ಅಡಿ ಕೊರೆದರೂ ನೀರು ಸಿಗದ ಕೊಳವೆಬಾವಿಯ ಬಗ್ಗೆ ನಗರದಲ್ಲಿ ಎಷ್ಟು ಜನ ಮಾತಾಡಿದರು, ಟ್ರಾಫಿಕ್ ಜಾಮ್ ಬಗ್ಗೆ ಎಷ್ಟು ಜನ ಮಾತಾಡಿದರು? ನಮ್ಮದೇ ರಾಜ್ಯದ, ನಮ್ಮದೇ ಭಾಷೆಯ, ಮತದ ಹಕ್ಕಿರುವ ರೈತನ ಪಾಡೇ ಹೀಗಿದ್ದರೆ, ಮತವೂ ಇಲ್ಲದ ಭಾಷೆಯೂ ಬಾರದ ಪರದೇಶಿಯ ಮೇಲೆ ಸಿಡಿಮಿಡಿಗೊಳ್ಳುವುದು ಇನ್ನೂ ಸುಲಭ.

ಆದರೂ ಸುಮ್ಮನಿದ್ದರೆ ಒಳ್ಳೆಯದಾಗುತ್ತಿತ್ತು ಎನ್ನಲಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಬಿಲೋಎಲಾ ಎಂಬ ಊರಿದೆ. ಸುಮಾರು ಆರು ಸಾವಿರ ಜನಸಂಖ್ಯೆ, ನಮ್ಮ ಒಂದು ಹೋಬಳಿ ಕೇಂದ್ರದಷ್ಟು. ದೋಣಿಯಲ್ಲಿ ಬೇರೆ ಬೇರೆಯಾಗಿ ಬಂದ ಶ್ರೀಲಂಕಾದ ಇಬ್ಬರು ತಮಿಳರು ಮದುವೆಯಾಗಿ ಆ ಊರಿನಲ್ಲಿ ನೆಲೆಸಿದ್ದರು. ಗಂಡನಿಗೆ ಅಲ್ಲಿನ ಮಾಂಸ ಸಂಸ್ಕರಣಾ ಘಟಕದಲ್ಲಿ ಕೆಲಸ, ಅಲ್ಲೇ ಹುಟ್ಟಿದ ಇಬ್ಬರು ಪುಟ್ಟ ಹೆಣ್ಣುಮಕ್ಕಳು. 2018ರ ಮಾರ್ಚ್‌ನಲ್ಲಿ, ವೀಸಾ ಅವಧಿ ಮುಗಿಯಿತೆಂದು ನಸುಕಿನಲ್ಲಿ ಅಧಿಕಾರಿಗಳು ಬಂದು ನಾಲ್ವರನ್ನೂ ಕರೆದೊಯ್ದರು. ಊರಿನವರು ಬಿಡಲಿಲ್ಲ. ಅದು ಬಲಪಂಥೀಯರನ್ನು ಗೆಲ್ಲಿಸುತ್ತ ಬಂದ ಕ್ಷೇತ್ರ; ದೋಣಿಯಲ್ಲಿ ಬಂದವರನ್ನು ತಡೆಯಬೇಕೆಂಬ ನೀತಿಗೆ ಅಲ್ಲಿ ಬೆಂಬಲವೂ ಇತ್ತು. ಅದೇ ಜನ ಸಹಿ ಸಂಗ್ರಹಿಸಿದರು, ಸಭೆ ಸೇರಿದರು, ‘ನಮ್ಮವರನ್ನು ನಮ್ಮೂರಿಗೆ ಕಳಿಸಿ’ ಎಂದರು. 2019ರ ಆಗಸ್ಟ್‌ನಲ್ಲಿ ಕುಟುಂಬವನ್ನು ಹೊತ್ತು ಹೊರಟ ವಿಮಾನವನ್ನು, ರಾತ್ರೋರಾತ್ರಿ ನ್ಯಾಯಾಧೀಶರು ಕೊಟ್ಟ ತಡೆಯಾಜ್ಞೆಯಿಂದಾಗಿ ಡಾರ್ವಿನ್‌ನಲ್ಲಿ ಇಳಿಸಬೇಕಾಯಿತು. ಬಳಿಕ ಅವರನ್ನು ಸಮುದ್ರದ ನಡುವಿನ ಕ್ರಿಸ್ಮಸ್ ದ್ವೀಪದಲ್ಲಿ ಇಟ್ಟರು. ಸರ್ಕಾರ ಬದಲಾದ ಮೇಲೆ, 2022ರ ಜೂನ್‌ನಲ್ಲಿ, ಅವರು ಬಿಲೋಎಲಾಕ್ಕೆ ಮರಳಿದರು. ಇದರಲ್ಲಿ ಮುಚ್ಚಿಡಬಾರದ ಒಂದು ಸಂಗತಿಯೂ ಇದೆ: ಅವರ ಆಶ್ರಯದ ಅರ್ಜಿ ಅಲ್ಲಿನ ನ್ಯಾಯಾಲಯಗಳಲ್ಲಿ ಮತ್ತೆ ಮತ್ತೆ ಸೋತಿತ್ತು. ಅವರು ಉಳಿದದ್ದು ಕೋರ್ಟಿನಲ್ಲಿ ಗೆದ್ದಲ್ಲ, ಊರಿನ ಹಟದಿಂದ.

2021ರ ಮೇ 13ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕೆನ್‌ಮ್ಯೂರ್ ಬೀದಿಯಲ್ಲಿ ನಡೆದದ್ದೂ ಇಂಥದ್ದೇ. ಇಬ್ಬರನ್ನು ಹಿಡಿದು ಕೂರಿಸಿದ್ದ ವಲಸೆ ಇಲಾಖೆಯ ವ್ಯಾನಿನ ಅಡಿಗೆ ಒಬ್ಬ ನುಗ್ಗಿ ಮಲಗಿಬಿಟ್ಟ, ನೂರಾರು ನೆರೆಹೊರೆಯವರು ಬಂದು ಸುತ್ತುವರಿದರು, ಸುಮಾರು ಎಂಟು ಗಂಟೆಯ ಬಳಿಕ ಪೊಲೀಸರು ಇಬ್ಬರನ್ನೂ ಬಿಟ್ಟುಕೊಟ್ಟರು. ಆ ಇಬ್ಬರೂ ಭಾರತೀಯರು.

ಇವೆರಡನ್ನೂ ಓದಿ ಜನ ಬಹಳ ಒಳ್ಳೆಯವರು ಎಂದು ಹಿಗ್ಗಬೇಕಿಲ್ಲ. ಪಕ್ಕದ ಮನೆಯವನ ಹೆಸರು ಗೊತ್ತಿದ್ದರೆ ಜನರ ನಿಲುವು ಒಂದು ರೀತಿ, ‘ಅವರು’ ಎಂಬ ಸರ್ವನಾಮವಷ್ಟೇ ಗೊತ್ತಿದ್ದರೆ ಇನ್ನೊಂದು ರೀತಿ. ಸರ್ಕಾರಗಳಿಗೂ ಇದು ಚೆನ್ನಾಗಿ ಗೊತ್ತು. ಮರುಭೂಮಿ, ಪೆಸಿಫಿಕ್ ಸಾಗರದ ನೌರು ಮತ್ತು ಮಾನುಸ್ ದ್ವೀಪಗಳು, ಕ್ರಿಸ್ಮಸ್ ದ್ವೀಪ ಇಂಥ ಕಡೆಯೇ ಶಿಬಿರಗಳನ್ನು ಕಟ್ಟಿದರೆ ಅಲ್ಲಿ ಪಕ್ಕದ ಮನೆ ಎಂಬುದೇ ಇರುವುದಿಲ್ಲ. ವ್ಯಾನಿನ ಅಡಿಗೆ ನುಗ್ಗುವವನು ಎಲ್ಲಿಂದ ಬಂದಾನು?

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥವರು ಪ್ರತಿಭಟಿಸಬಹುದೇ? ಕಾನೂನು ಏನು ಹೇಳುತ್ತದೆ?
— ಕಾನೂನು ವಿದ್ಯಾರ್ಥಿ, ಪಾವಗಡ

ಉತ್ತರ: ಭಾರತ 1951ರ ಒಪ್ಪಂದಕ್ಕೂ ಅದಕ್ಕೆ ಪೂರಕವಾದ 1967ರ ಒಪ್ಪಂದಕ್ಕೂ (ಪ್ರೊಟೊಕಾಲ್) ಸಹಿ ಹಾಕಿಲ್ಲ; ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯ್ದೆಯೂ ನಮ್ಮಲ್ಲಿಲ್ಲ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ ಈಗ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಸಂವಿಧಾನದ 14 ಮತ್ತು 21ನೇ ವಿಧಿಗಳು ಈ ನೆಲದ ಮೇಲಿರುವ ಪ್ರತಿಯೊಬ್ಬ ವ್ಯಕ್ತಿಗೂ ಅನ್ವಯಿಸುತ್ತವೆ, ಆದರೆ ಮಾತನಾಡುವ, ಸಭೆ ಸೇರುವ, ನೆಲೆಸುವ ಹಕ್ಕುಗಳನ್ನು ಕೊಡುವ 19ನೇ ವಿಧಿ ನಾಗರಿಕರಿಗೆ ಮಾತ್ರ. ಜಮ್ಮುವಿನಲ್ಲಿ ಹಿಡಿದಿಟ್ಟ ರೋಹಿಂಗ್ಯಾಗಳ ಪ್ರಕರಣದಲ್ಲಿ 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಆಧಾರವಾಗಿಟ್ಟುಕೊಂಡು, ಅವರನ್ನು ಬಿಡುಗಡೆ ಮಾಡಿ, ದೇಶದಿಂದ ಕಳಿಸದಂತೆ ತಡೆಯಬೇಕೆಂಬ ಮಧ್ಯಂತರ ಕೋರಿಕೆಯನ್ನು ನಿರಾಕರಿಸಿತು. ನಿಗದಿತ ಪ್ರಕ್ರಿಯೆ ಪಾಲಿಸದೆ ಕಳಿಸಬಾರದು ಎಂದಷ್ಟೇ ಸೇರಿಸಿತು. ನಮ್ಮ ತುಮಕೂರು ರಸ್ತೆಯ ನೆಲಮಂಗಲದ ಬಳಿ, ಸೊಂಡೆಕೊಪ್ಪದಲ್ಲಿ, ಹಿಂದೆ ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡಕ್ಕೆ ಗೋಡೆ ಎತ್ತರಿಸಿ, ಮುಳ್ಳುತಂತಿ ಸುತ್ತಿ ವಿದೇಶಿಯರನ್ನು ಇರಿಸುವ ಕೇಂದ್ರ ಮಾಡಿದ್ದಾರೆ. ಅದರೊಳಗೆ ಯಾರಾದರೂ ಉಪವಾಸ ಕೂತರೆ ಅವರ ಬೆನ್ನಿಗೆ 19ನೇ ವಿಧಿ ಇಲ್ಲ.

ಆದರೆ ನಾವು ಎಲ್ಲ ಪ್ರತಿಭಟನೆಗೂ ಮುನಿಯುವುದಿಲ್ಲ ಎಂಬುದನ್ನು ಗಮನಿಸಿ. ಕಳೆದ ಡಿಸೆಂಬರ್‌ನಲ್ಲಿ ಬಿ.ಎಚ್. ರಸ್ತೆಯ ಬದಿಯಲ್ಲಿ ಸ್ವೆಟರ್ ಹರಡಿಕೊಂಡು ಕೂತಿದ್ದ ಟಿಬೆಟನ್ ಹೆಂಗಸೊಬ್ಬರ ಹತ್ತಿರ ಮಫ್ಲರ್ ಕೊಂಡೆ. ‘ಐವತ್ತು ಕಮ್ಮಿ ಮಾಡಿದ್ರೆ ನಂಗೇನು ಉಳಿಯುತ್ತೆ ಸಾರ್’ ಎಂದು ಅಚ್ಚ ಮೈಸೂರು ಕಡೆಯ ಕನ್ನಡದಲ್ಲಿ ಚೌಕಾಸಿ ಮಾಡಿದರು. ಊರು ಕೇಳಿದೆ, ಬೈಲುಕುಪ್ಪೆ, ಪಿರಿಯಾಪಟ್ಟಣ ತಾಲ್ಲೂಕು ಎಂದರು. ಚಿಲ್ಲರೆ ಹುಡುಕುವಾಗ ಅವರ ಕೈಚೀಲದಿಂದ, ವಿದೇಶಿಯರಿಗೆ ಕೊಡುವ ನೋಂದಣಿ ಪತ್ರ ಇಣುಕಿತು: ಪ್ಲಾಸ್ಟಿಕ್ ಕವರಿನಲ್ಲಿ ಎರಡು ಸುತ್ತು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಆಕೆ ಹುಟ್ಟಿದ್ದು ಇಲ್ಲೇ, ಆದರೂ ಅವಧಿ ಮುಗಿಯುವ ಮುಂಚೆ ಅದನ್ನು ನವೀಕರಿಸಿಕೊಳ್ಳಬೇಕು. ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದವರು, ‘ಪಾಪದವರು, ತಮ್ಮ ಪಾಡಿಗೆ ತಾವಿರ್ತಾರೆ’ ಎಂದು ಮೆಚ್ಚಿಕೊಂಡರು.

ತಮ್ಮ ಪಾಡಿಗೆ ತಾವಿರುವವರೇನೂ ಅಲ್ಲ ಟಿಬೆಟನ್ನರು. 1960ರಲ್ಲಿ ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಬೈಲುಕುಪ್ಪೆಯ ಕಾಡುನೆಲ ಸಿಕ್ಕಿದಾಗಿನಿಂದ ಅವರು ಸಭೆ, ಮೆರವಣಿಗೆ, ಉಪವಾಸ ಎಲ್ಲವನ್ನೂ ಮಾಡುತ್ತಲೇ ಬಂದಿದ್ದಾರೆ. 2019ರ ಅಕ್ಟೋಬರ್‌ನಲ್ಲಿ ಚೀನಾ ಅಧ್ಯಕ್ಷರು ಮಾಮಲ್ಲಪುರಕ್ಕೆ ಬರುವ ಹೊತ್ತಿಗೆ ಚೆನ್ನೈನಲ್ಲಿ ಪೊಲೀಸರು ಅವರನ್ನು ವಶಕ್ಕೂ ತೆಗೆದುಕೊಂಡಿದ್ದರು. ಅವರ ಘೋಷಣೆ ಚೀನಾದ ಕಡೆಗಿರುವುದರಿಂದ ನಮ್ಮ ಕಿವಿಗೆ ಚುಚ್ಚುವುದಿಲ್ಲ. ‘ನಮ್ಮನ್ನು ಕಳಿಸಬೇಡಿ’ ಎನ್ನುವವನ ಘೋಷಣೆ ನಮ್ಮ ಕಡೆಗೇ ತಿರುಗಿರುತ್ತದೆ.

ಪ್ರಶ್ನೆ: ಸುಳ್ಳು ಹೇಳಿ ಆಶ್ರಯ ಕೇಳುವವರೂ ಇದ್ದಾರಲ್ಲ? ಅವರ ಪ್ರತಿಭಟನೆಗೂ ಮರುಗಬೇಕೇ?
— ಗೃಹಿಣಿ, ಕೋಲಾರ

ಉತ್ತರ: ಇದ್ದಾರೆ. ನಮ್ಮ ದೇಶದಿಂದಲೇ ಏಜೆಂಟರಿಗೆ ಲಕ್ಷಗಟ್ಟಲೆ ಸುರಿದು, ಅಮೆರಿಕದ ಗಡಿ ನುಗ್ಗಿ, ಹೇಳಿಕೊಟ್ಟ ಕಥೆ ಒಪ್ಪಿಸಿ ಆಶ್ರಯ ಕೇಳುವವರಿದ್ದಾರೆ. ಅರ್ಹತೆಯಿಲ್ಲದ ಅರ್ಜಿಯನ್ನು ತಿರಸ್ಕರಿಸಿ, ಅರ್ಜಿದಾರನನ್ನು ಕಳಿಸಿಕೊಡುವ ಅಧಿಕಾರ ಪ್ರತಿಯೊಂದು ದೇಶಕ್ಕೂ ಇದೆ, ಇರಲೂ ಬೇಕು. 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದಿಳಿಸಿತು. ಅವರು ಕಾನೂನು ಮೀರಿ ಹೋದವರು ಎಂಬುದರಲ್ಲಿ ನಮ್ಮಲ್ಲಿ ಹೆಚ್ಚು ತಕರಾರಿರಲಿಲ್ಲ. ಕೈಗೆ ಕೋಳ, ಕಾಲಿಗೆ ಸರಪಳಿ ಏಕೆ ಎಂದು ಸಂಸತ್ತಿನವರೆಗೂ ಗಲಾಟೆಯಾಯಿತು. ಹಾಗೆ ಕೇಳಿದ್ದು ಸರಿಯಾಗಿಯೇ ಇತ್ತು.

ಗದ್ದಲ ಮಾಡಿದ ಮಾತ್ರಕ್ಕೆ ಒಬ್ಬನ ಕಥೆ ನಿಜವಾಗುವುದಿಲ್ಲ, ಸುಳ್ಳೂ ಆಗುವುದಿಲ್ಲ. 2023ರಲ್ಲಿ ಕೆನಡಾದಲ್ಲಿ ನಮ್ಮ ವಿದ್ಯಾರ್ಥಿಗಳು, ಅವರಲ್ಲಿ ಹೆಚ್ಚಿನವರು ಪಂಜಾಬಿನವರು, ಕಚೇರಿಯೊಂದರ ಮುಂದೆ ವಾರಗಟ್ಟಲೆ ಧರಣಿ ಕೂತಿದ್ದರು. ಅವರು ಆಶ್ರಯಾರ್ಥಿಗಳಲ್ಲ, ಕಾಲೇಜು ಪ್ರವೇಶದ ಪತ್ರ ನಕಲಿ ಎಂದು ವರ್ಷಗಳ ಬಳಿಕ ಪತ್ತೆಯಾಗಿ ದೇಶ ಬಿಡುವ ಆದೇಶ ಪಡೆದವರು. ಏಜೆಂಟ್ ಮೋಸಮಾಡಿದ, ನಮಗೆ ಗೊತ್ತಿರಲಿಲ್ಲ ಎನ್ನುವುದು ಅವರ ವಾದ. ಗೊತ್ತಿಲ್ಲದೆ ಇರುತ್ತದೆಯೇ ಎಂದು ಇಲ್ಲಿ ಕೂತು ನಕ್ಕವರಲ್ಲಿ ನಾನೂ ಒಬ್ಬ. ಧರಣಿ ಸುದ್ದಿಯಾದ ಮೇಲೆ ಅಲ್ಲಿನ ಸರ್ಕಾರ ಹೊರಹಾಕುವುದನ್ನು ತಡೆಹಿಡಿದು, ಒಂದೊಂದೇ ಕಡತವನ್ನು ಬೇರೆಬೇರೆಯಾಗಿ ತೆರೆದು ನೋಡಲು ಕಾರ್ಯಪಡೆ ರಚಿಸಿತು. ಕೆಲವರು ನಿಜಕ್ಕೂ ಮೋಸಹೋದವರೆಂದೂ, ಕೆಲವರು ಹಾಗಲ್ಲವೆಂದೂ ಆಗ ಗೊತ್ತಾಯಿತು.