ನೂರು ಸೋಲು ಲೆಕ್ಕದ್ದೇ, ಮಿಕ್ಕ ಇಪ್ಪತ್ತೊಂದು ಎಲ್ಲಿಂದ ಬಂತು?

(ಶಿವಮೊಗ್ಗದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಪತ್ರದ ಸಾರ: 2024ರ ಸೆಪ್ಟೆಂಬರ್‌ನಲ್ಲಿ ಷಿಕಾಗೋದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯ ವೈಟ್ ಸಾಕ್ಸ್ ತಂಡದ ಬೇಸ್‌ಬಾಲ್ ಪಂದ್ಯಕ್ಕೆ ಕರೆದೊಯ್ದರು. ಆ ತಂಡ ಅಷ್ಟರಲ್ಲಿ 120 ಪಂದ್ಯ ಸೋತಿತ್ತು. ಇನ್ನೊಂದು ಸೋತರೆ ದಾಖಲೆ ಎಂದು ಜನ ಕಾದು ಕುಳಿತಿದ್ದರು, ಆದರೆ ತಂಡ ಗೆದ್ದುಬಿಟ್ಟಿತು. ಕೋಟಿಗಟ್ಟಲೆ ಸಂಬಳ ಪಡೆಯುವವರ ತಂಡ ಇಷ್ಟು ಸೋಲುವುದು ಹೇಗೆ? ಇದು ನಿಜಕ್ಕೂ ಚರಿತ್ರೆಯಲ್ಲೇ ಕೆಟ್ಟ ತಂಡವೇ? ಅಳಿಯ ಬಾಯ್ತುಂಬ ಹೊಗಳುವ ಗ್ಯಾರೆಟ್ ಕ್ರೋಶೆ ಎಂಬ ಪಿಚರ್ (ಚೆಂಡು ಎಸೆಯುವವ) ಹೆಸರಿಗೆ ಬರೀ ಆರು ಗೆಲುವು ಏಕೆ? ಇಂಥ ತಂಡವನ್ನು ಕೆಳ ದರ್ಜೆಗೆ ತಳ್ಳುವುದಿಲ್ಲವೇ?)

ಮಾನ್ಯರೇ,

ನೀವು ನೋಡಿದ್ದು ಸೆಪ್ಟೆಂಬರ್ 24ರ ಪಂದ್ಯ, ಎದುರಾಳಿ ಲಾಸ್ ಏಂಜಲಿಸ್ ಏಂಜಲ್ಸ್. ವೈಟ್ ಸಾಕ್ಸ್ ಹಿಂದೆ ಬಿದ್ದಿತ್ತು, ಎಂಟನೇ ಇನಿಂಗ್ಸ್‌ನಲ್ಲಿ (ಪಂದ್ಯಕ್ಕೆ ಒಂಬತ್ತು) ಮೂರು ರನ್ ಹೊಡೆದು 3-2ರಲ್ಲಿ ಗೆದ್ದಿತು. ಪ್ರೇಕ್ಷಕರ ಕೂಗನ್ನು ನೀವು ‘ಗೆದ್ದಿದ್ದಕ್ಕೆ ಬೇಜಾರು’ ಎಂದುಕೊಂಡಿರಿ. ಅವರು ಕೂಗುತ್ತಿದ್ದುದು ‘ತಂಡ ಮಾರು’ ಎಂದು; 1981ರಿಂದ ಒಡೆತನ ಹಿಡಿದಿರುವ ಜೆರಿ ರೈನ್ಸ್‌ಡಾರ್ಫ್ ಅವರನ್ನು ಉದ್ದೇಶಿಸಿ. ಮುಂದಿನ ಎರಡು ದಿನವೂ ಏಂಜಲ್ಸ್ ವಿರುದ್ಧ ಗೆಲುವೇ. 121ನೇ ಸೋಲು ಬಂದದ್ದು 27ರಂದು ಡೆಟ್ರಾಯಿಟ್‌ನಲ್ಲಿ, 4-1. ಅದೇ ಗೆಲುವಿನಿಂದ ಡೆಟ್ರಾಯಿಟ್ ಟೈಗರ್ಸ್ ಪ್ಲೇಆಫ್‌ಗೆ ಹೋಯಿತು. ತಮಾಷೆಯೆಂದರೆ ಕೊನೆಯ ಎರಡು ಪಂದ್ಯವನ್ನೂ ವೈಟ್ ಸಾಕ್ಸ್ ಗೆದ್ದಿತು. ವರ್ಷವೆಲ್ಲ ಮುಗ್ಗರಿಸಿದವರು ಕೊನೆಯ ಆರರಲ್ಲಿ ಐದು ಗೆದ್ದು 41-121ಕ್ಕೆ (41 ಗೆಲುವು, 121 ಸೋಲು) ನಿಂತರು.

ಚರಿತ್ರೆಯಲ್ಲೇ ಕೆಟ್ಟ ತಂಡವೇ ಎಂದರೆ, ಸೋಲಿನ ಎಣಿಕೆಯಲ್ಲಿ 1900ರಿಂದ ಈಚೆಗೆ ಹೌದು. ಶೇಕಡಾವಾರಿನಲ್ಲಿ ಅಲ್ಲ. ಹಳೆಯ ದಾಖಲೆ 1962ರ ನ್ಯೂಯಾರ್ಕ್ ಮೆಟ್ಸ್‌ನದು, 40-120. ಅಂದರೆ ನೂರಕ್ಕೆ 25.0 ಗೆಲುವು, ವೈಟ್ ಸಾಕ್ಸ್ 25.3. 1916ರ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ಇನ್ನೂ ಕೆಳಗೆ: 36-117, ಶೇ. 23.5. ಆಗ ಋತುವಿಗೆ 154 ಪಂದ್ಯ, ಈಗ 162. ಸೋಲಲು ಎಂಟು ಅವಕಾಶ ಹೆಚ್ಚು. 1900ಕ್ಕೂ ಹಿಂದೆ ಹೋದರೆ 1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ಇದೆ, 20-134. ಅದರ ಮಾಲೀಕರ ಕೈಯಲ್ಲಿ ಸೇಂಟ್ ಲೂಯಿಸ್ ತಂಡವೂ ಇತ್ತು, ಒಳ್ಳೆಯ ಆಟಗಾರರನ್ನೆಲ್ಲ ಅಲ್ಲಿಗೆ ಸಾಗಿಸಿದ್ದರು. ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯುವುದು ನ್ಯಾಯವಲ್ಲ.

ಶೇ. 25 ನಮಗೆ ಅಂಥ ಘೋರವೆನಿಸುವುದಿಲ್ಲ. 2017ರ ಐಪಿಎಲ್‌ನಲ್ಲಿ ನಮ್ಮ ಆರ್‌ಸಿಬಿ 14ರಲ್ಲಿ ಮೂರೇ ಗೆದ್ದಿತ್ತು, ಅದಕ್ಕಿಂತ ಕಡಿಮೆ. ಆದರೆ ಬೇಸ್‌ಬಾಲ್‌ನಲ್ಲಿ ಅಳತೆಯೇ ಬೇರೆ. 2024ರಲ್ಲಿ ಎಲ್ಲರಿಗಿಂತ ಮೇಲಿದ್ದ ಲಾಸ್ ಏಂಜಲಿಸ್ ಡಾಡ್ಜರ್ಸ್ ಗೆದ್ದದ್ದು 162ರಲ್ಲಿ 98, ಅಂದರೆ ಶೇ. 60. ಸಾಧಾರಣ ಕೆಟ್ಟ ತಂಡವೂ ಶೇ. 40ರ ಆಸುಪಾಸು ಗೆಲ್ಲುತ್ತದೆ. ಒಂದೊಂದು ಪಂದ್ಯದಲ್ಲಿ ಅದೃಷ್ಟದ ಪಾಲು ದೊಡ್ಡದು. ದುರ್ಬಲ ತಂಡಕ್ಕೂ ವಾರಕ್ಕೆರಡು ಗೆಲುವು ತಾನಾಗಿ ಬೀಳುತ್ತದೆ. ಆರು ತಿಂಗಳ ಕಾಲ ಅದೂ ಬೀಳದಂತೆ ಆಡುವುದೇ ಕಷ್ಟ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ನಮ್ಮ ಲೆಕ್ಕದಲ್ಲಿ ಈ 121 ಸೋಲಿನಲ್ಲಿ ಸುಮಾರು ನೂರು ಆಡಳಿತ ಮಂಡಳಿ ಗೊತ್ತಿದ್ದೇ ಒಪ್ಪಿಕೊಂಡಿದ್ದು. ಈ ತಂಡ 2021ರಲ್ಲಿ 93 ಗೆದ್ದು ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆದಿತ್ತು. 2023ಕ್ಕೆ 61-101. ಆ ಆಗಸ್ಟ್‌ನಲ್ಲಿ ಮೇಲಿನ ಇಬ್ಬರು ಅಧಿಕಾರಿಗಳನ್ನು ತೆಗೆದು ಕ್ರಿಸ್ ಗೆಟ್ಸ್ ಅವರನ್ನು ಜನರಲ್ ಮ್ಯಾನೇಜರ್ ಮಾಡಿದರು. ಅವರು ಹಿಡಿದದ್ದು ಮಾರುವ ದಾರಿ: ಇರುವ ಒಳ್ಳೆಯವರನ್ನು ಕೊಟ್ಟು ಹತ್ತೊಂಬತ್ತು-ಇಪ್ಪತ್ತರ ಹುಡುಗರನ್ನು ತಂದು, ಮೂರ್ನಾಲ್ಕು ವರ್ಷ ಕಾಯುವುದು. ತಂಡದ ಮುಖ್ಯ ಪಿಚರ್ ಡಿಲನ್ ಸೀಸ್ ಅವರನ್ನು 2024ರ ಮಾರ್ಚ್ ಮಧ್ಯದಲ್ಲಿ, ಋತು ಶುರುವಾಗಲು ಎರಡು ವಾರವಿರುವಾಗ, ಸ್ಯಾನ್ ಡಿಯಾಗೋಗೆ ಕೊಟ್ಟರು. ಖಾಲಿ ಜಾಗಗಳಿಗೆ ಅಗ್ಗದ ಒಂದು ವರ್ಷದ ಕರಾರಿನ ಹಿರಿಯರನ್ನು ತುಂಬಿದರು. ಅವರಲ್ಲಿ ಕ್ಯಾಚರ್ (ವಿಕೆಟ್‌ಕೀಪರ್‌ನಂತೆ ಬ್ಯಾಟರ್ ಹಿಂದೆ ನಿಲ್ಲುವವ) ಮಾರ್ಟಿನ್ ಮಾಲ್ಡೊನಾಡೊ ಅವರ ಬ್ಯಾಟಿಂಗ್ ಸರಾಸರಿ .119. ನೂರು ಸಲ ಬ್ಯಾಟ್ ಹಿಡಿದರೆ ಬೇಸ್ ಮುಟ್ಟಿಸುವ ಹೊಡೆತ ಹನ್ನೆರಡು ಅಷ್ಟೇ! ಜುಲೈನಲ್ಲಿ ಅವರನ್ನು ಕೈಬಿಟ್ಟರು.

ಬೇರೆ ದಾರಿ ಇರಲಿಲ್ಲವೇ? ಇತ್ತು, ಅದೂ ಪಕ್ಕದಲ್ಲೇ. ಅದೇ ವಿಭಾಗದ ಕಾನ್ಸಾಸ್ ಸಿಟಿ ರಾಯಲ್ಸ್ 2023ರಲ್ಲಿ ಇನ್ನೂ ಕೆಳಗಿತ್ತು, 56-106. ಅವರು ಮಾರುವ ಬದಲು ಕೊಂಡರು. ಸೆತ್ ಲೂಗೋ, ಮೈಕಲ್ ವಾಕಾ ಎಂಬ ಅನುಭವಿ ಪಿಚರ್‌ಗಳಿಗೆ ಹಣ ಹಾಕಿದರು, ಯುವ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಬಾಬಿ ವಿಟ್ ಅವರನ್ನು ದೀರ್ಘ ಕರಾರಿನಲ್ಲಿ ಕಟ್ಟಿಕೊಂಡರು. ಲೂಗೋ ಹೆಸರಿಗೆ 16 ಗೆಲುವು, ವಾಕಾಗೆ 13, ವಿಟ್ .332 ಹೊಡೆದು ಲೀಗಿನ ಬ್ಯಾಟಿಂಗ್ ಕಿರೀಟ. ತಂಡ 86-76, ನೇರ ಪ್ಲೇಆಫ್‌ಗೆ. ಆ ವರ್ಷ ವೈಟ್ ಸಾಕ್ಸ್ ವಿರುದ್ಧ ಅವರ ಲೆಕ್ಕ 12-1. ‘ಮರುನಿರ್ಮಾಣಕ್ಕೆ ಬೇರೆ ಉಪಾಯವಿಲ್ಲ’ ಎಂದು ಯಾರಾದರೂ ಹೇಳಿದರೆ ಈ ಅಂಕಿ ತೋರಿಸಿ.

ನೂರರ ಮೇಲಿನದು ಗಾಯದಿಂದ, ಮತ್ತು ಗಾಯವಾದಾಗ ಹಿಂದೆ ನಿಲ್ಲುವವರು ಇಲ್ಲದ್ದರಿಂದ. ರನ್ ಗಳಿಸಬಲ್ಲವರು ಎಂದು ನಂಬಿದ್ದು ಮೂವರನ್ನು: ಲೂಯಿಸ್ ರಾಬರ್ಟ್, ಎಲೋಯ್ ಹಿಮೆನೆಸ್, ಯೋವಾನ್ ಮೊಂಕಾಡಾ. ಏಪ್ರಿಲ್‌ನ ಮೊದಲ ಹತ್ತು ದಿನ ಮುಗಿಯುವಷ್ಟರಲ್ಲಿ ಮೂವರೂ ಗಾಯಾಳುಗಳು. ಮೊಂಕಾಡಾ ಇಡೀ ವರ್ಷ ಆಡಿದ್ದು 12 ಪಂದ್ಯ. ಹಿಂದಿನ ವರ್ಷ 38 ಹೋಮ್ ರನ್ (ಸಿಕ್ಸರ್‌ನಂಥ ಹೊಡೆತ) ಹೊಡೆದಿದ್ದ ರಾಬರ್ಟ್ ಸೊಂಟದ ಸ್ನಾಯು ಎಳೆದುಕೊಂಡು ಜೂನ್‌ವರೆಗೆ ಹೊರಗೆ. ಬಂದ ಮೇಲೂ ಲಯ ಸಿಗಲಿಲ್ಲ, 14ಕ್ಕೇ ಮುಗಿಸಿದರು. ಮೊದಲ 25 ಪಂದ್ಯದಲ್ಲಿ ತಂಡ ಗೆದ್ದದ್ದು ಮೂರು.

ಇದನ್ನು ನೀವೇ ಅಳೆಯಬಹುದು. ಬ್ಯಾಂಕಿನವರು, ಲೆಕ್ಕ ಹಿಡಿಸುತ್ತದೆ. ಬಿಲ್ ಜೇಮ್ಸ್ ಎಂಬ ಅಂಕಿಅಂಶ ತಜ್ಞರು ಕೊಟ್ಟ ಸೂತ್ರ ಸರಳ: ಹೊಡೆದ ರನ್ನಿನ ವರ್ಗವನ್ನು, ಹೊಡೆದ ಮತ್ತು ಬಿಟ್ಟುಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಿ. ವೈಟ್ ಸಾಕ್ಸ್ ಹೊಡೆದದ್ದು 507, ಕೊಟ್ಟದ್ದು 813. ವರ್ಗಗಳು 2,57,049 ಮತ್ತು 6,60,969, ಮೊತ್ತ 9,18,018. ಭಾಗಿಸಿದರೆ 0.28. ಅದನ್ನು 162ರಿಂದ ಗುಣಿಸಿ, 45 ಗೆಲುವು. ವರ್ಗದ ಬದಲು 1.83ನೇ ಘಾತ ಹಾಕುವ ತಿದ್ದಿದ ಸೂತ್ರದಲ್ಲಿ 48. ಅಂದರೆ ರನ್ ಲೆಕ್ಕದ ಪ್ರಕಾರ 114ರಿಂದ 117 ಸೋಲು ಅವರ ಆಟಕ್ಕೆ ತಕ್ಕದ್ದೇ. ಮಿಕ್ಕ ನಾಲ್ಕರಿಂದ ಏಳು ಮಾತ್ರ ಕೂದಲೆಳೆಯಲ್ಲಿ ಕಳೆದುಕೊಂಡವು. ದುರದೃಷ್ಟ ಎಂದು ಹೇಳಿಕೊಳ್ಳಲು ಅವರಿಗೆ ಇರುವುದು ಅಷ್ಟೇ ಜಾಗ.

ಆ ಕೂದಲೆಳೆಯ ಸೋಲುಗಳಲ್ಲಿ ಮೇ 23ರದನ್ನು ಬಿಡಿಸಿ ನೋಡಬೇಕು. ಬಾಲ್ಟಿಮೋರ್ ಓರಿಯೋಲ್ಸ್ ಎದುರು ಕೊನೆಯ ಇನಿಂಗ್ಸ್, ವೈಟ್ ಸಾಕ್ಸ್ 6-8ರವರೆಗೆ ಬಂದಿದೆ. ಒಬ್ಬ ಔಟ್, ಮೊದಲ ಮತ್ತು ಎರಡನೇ ಬೇಸ್‌ನಲ್ಲಿ ಓಟಗಾರರು. ಆಂಡ್ರೂ ಬೆನಿಂಟೆಂಡಿ ಹೊಡೆದ ಚೆಂಡು ಒಳಮೈದಾನದಲ್ಲೇ ಆಕಾಶಕ್ಕೆ ಏರಿತು. ಇಂಥ ಸ್ಥಿತಿಯಲ್ಲಿ ಫೀಲ್ಡರ್ ಬೇಕೆಂದೇ ಕ್ಯಾಚ್ ಬಿಟ್ಟು ಇಬ್ಬರನ್ನು ಔಟ್ ಮಾಡಬಾರದು ಎಂದು ‘ಇನ್‌ಫೀಲ್ಡ್ ಫ್ಲೈ’ ನಿಯಮವಿದೆ: ಚೆಂಡು ಕೈಗೆ ಸಿಕ್ಕರೂ ಬಿದ್ದರೂ ಬ್ಯಾಟರ್ ಔಟ್. ಅದು ಎರಡನೇ ಔಟ್. ಅಷ್ಟರಲ್ಲಿ ಎರಡನೇ ಬೇಸ್‌ಗೆ ಹಿಂದಿರುಗುತ್ತಿದ್ದ ಆಂಡ್ರೂ ವಾನ್, ಚೆಂಡಿನ ಕಡೆ ಬರುತ್ತಿದ್ದ ಶಾರ್ಟ್‌ಸ್ಟಾಪ್ ಗನ್ನರ್ ಹೆಂಡರ್ಸನ್ ಅವರ ದಾರಿಗೆ ಅಡ್ಡವಾದರು ಎಂದು ಅಂಪೈರ್ ಕೈ ಎತ್ತಿದರು. ಹೆಂಡರ್ಸನ್ ಆ ಕ್ಯಾಚನ್ನು ಹಿಡಿದೇ ಹಿಡಿದಿದ್ದರು. ಆದರೂ ಅಡ್ಡಿಗೆ ಓಟಗಾರ ಔಟ್, ಮೂರನೆಯದು. ಇನಿಂಗ್ಸ್‌ಗೆ ಮೂರೇ ಔಟ್. ಮೇಲೆದ್ದ ಒಂದೇ ಚೆಂಡಿಗೆ ಪಂದ್ಯ ಮುಗಿಯಿತು. ತಪ್ಪು ವಾನ್ ಬೇಕೆಂದು ಮಾಡಿದ್ದಲ್ಲ. ಆದರೆ ಓಟಗಾರ ಚೆಂಡು ನೋಡುತ್ತಾ ಹಿಂದೆ ಬರುವುದಲ್ಲ, ಫೀಲ್ಡರ್ ಎಲ್ಲಿದ್ದಾನೆಂದು ಮೊದಲು ನೋಡಿಕೊಳ್ಳಬೇಕು. ಹುಡುಗರ ಲೀಗಿನಲ್ಲಿ ಕಲಿಸುವ ಪಾಠ ಅದು.

ಆ ಮೇ 22ರಿಂದ ಜೂನ್ 6ರವರೆಗೆ ಸತತ 14 ಸೋಲು. ಜುಲೈ 10ರಿಂದ ಆಗಸ್ಟ್ 5ರವರೆಗೆ ಸತತ 21. 1988ರ ಬಾಲ್ಟಿಮೋರ್ ಹೆಸರಿನಲ್ಲಿದ್ದ ಅಮೆರಿಕನ್ ಲೀಗ್ (ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದು) ದಾಖಲೆಗೆ ಸಮ. ಓಕ್ಲೆಂಡ್‌ನಲ್ಲಿ ಗೆದ್ದು ಆ ಸರಣಿ ಮುರಿದ ಎರಡೇ ದಿನಕ್ಕೆ ಮ್ಯಾನೇಜರ್ (ಮುಖ್ಯ ಕೋಚ್) ಪೆಡ್ರೋ ಗ್ರಿಫೋಲ್ ಅವರನ್ನು 28-89ರ ಲೆಕ್ಕದೊಂದಿಗೆ ಮನೆಗೆ ಕಳುಹಿಸಿದರು. ಬದಲಿಗೆ ಬಂದ ಗ್ರೇಡಿ ಸೈಜ್‌ಮೋರ್ 13-32. ಮ್ಯಾನೇಜರ್ ಬದಲಾದದ್ದರಿಂದ ಹೆಚ್ಚೇನೂ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಜುಲೈ ಕೊನೆಯಲ್ಲಿ ಉಳಿದಿದ್ದವರನ್ನೂ ಮಾರಿಯಾಗಿತ್ತು: ಕೊರಿಯಾದಿಂದ ಮರಳಿ 7-4 ಮಾಡಿದ್ದ ಪಿಚರ್ ಎರಿಕ್ ಫೆಡಿ ಸೇಂಟ್ ಲೂಯಿಸ್‌ಗೆ, ಕೊನೆಯ ಇನಿಂಗ್ಸ್‌ಗಳನ್ನು ಕಾಯುತ್ತಿದ್ದ ಮೈಕಲ್ ಕೋಪೆಕ್ ಡಾಡ್ಜರ್ಸ್‌ಗೆ. ಋತುವಿನ ಮಧ್ಯದ ವಿರಾಮದ ಹೊತ್ತಿಗೆ 27-71 ಇದ್ದ ತಂಡ ಆಮೇಲೆ 14-50. ಏಳನೇ ಇನಿಂಗ್ಸ್‌ವರೆಗೆ ಮುಂದಿದ್ದರೂ ಕೊನೆಗೆ ಚೆಂಡು ಕೊಡಲು ಯಾರೂ ಇಲ್ಲದಿದ್ದರೆ ಮುನ್ನಡೆ ಉಳಿಯುವುದಾದರೂ ಹೇಗೆ?

ಕ್ರೋಶೆ ವಿಷಯದಲ್ಲಿ ನಿಮ್ಮ ಅಳಿಯ ಹೇಳಿದ್ದು ಸರಿ. 6-12 ಎಂಬ ಅಂಕಿಯನ್ನು ನಂಬಬೇಡಿ. 32 ಪಂದ್ಯ ಆರಂಭಿಸಿ, 146 ಇನಿಂಗ್ಸ್‌ನಲ್ಲಿ 209 ಜನರನ್ನು ಸ್ಟ್ರೈಕ್‌ಔಟ್ (ಚೆಂಡು ಹೊಡೆಯಲು ಬಿಡದೆ ಔಟ್) ಮಾಡಿದರು; ಒಂಬತ್ತು ಇನಿಂಗ್ಸ್‌ಗೆ ಕೊಟ್ಟ ರನ್ ಸರಾಸರಿ 3.58. ಗೆಲುವು ಬಾರದಿರಲು ಎರಡು ಕಾರಣ. ಒಂದು, ತಂಡ ಪಂದ್ಯಕ್ಕೆ ಸರಾಸರಿ ಮೂರೇ ರನ್ ಹೊಡೆಯುತ್ತಿತ್ತು. ಋತುವಿನ ಮೊದಲ ದಿನವೇ ಆರು ಇನಿಂಗ್ಸ್‌ಗೆ ಒಂದೇ ರನ್ ಕೊಟ್ಟು 0-1ರಲ್ಲಿ ಸೋತರು. ಇನ್ನೊಂದು ನಿಯಮದ ಸಂಗತಿ: ಆರಂಭಿಕ ಪಿಚರ್‌ನ ಹೆಸರಿಗೆ ಗೆಲುವು ಬರೆಯಬೇಕಾದರೆ ಆತ ಕನಿಷ್ಠ ಐದು ಇನಿಂಗ್ಸ್ ಎಸೆದಿರಬೇಕು. ಕ್ರೋಶೆ 2022ರಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. 2024ಕ್ಕೆ ಮುಂಚೆ ಮೇಜರ್ ಲೀಗಿನಲ್ಲಿ ಒಂದು ಪಂದ್ಯವನ್ನೂ ಆರಂಭಿಸಿರಲಿಲ್ಲ. ಒಮ್ಮೆಲೇ ಹೊರೆ ಹೆಚ್ಚಿದರೆ ಆ ಕೈ ಮತ್ತೆ ಕೆಡಬಹುದೆಂದು ಜುಲೈನಿಂದಾಚೆ ಅವರನ್ನು ನಾಲ್ಕು ಇನಿಂಗ್ಸ್‌ಗೇ, ಕೆಲವೊಮ್ಮೆ ಅದಕ್ಕೂ ಮುಂಚೆ ಇಳಿಸುತ್ತಿದ್ದರು. ಅಲ್ಲಿಂದ ಗೆಲುವು ಸಿಗುವ ದಾರಿಯೇ ಮುಚ್ಚಿತು, ಸೋಲು ಮಾತ್ರ ಸಿಗಬಹುದಾಗಿತ್ತು. 6-6 ಇದ್ದದ್ದು 6-12 ಆಗಿದ್ದು ಹಾಗೆ. ಇಡೀ ತಂಡದ ನಿರ್ಧಾರಗಳಲ್ಲಿ ಇದೊಂದು ಮಾತ್ರ ನಮಗೆ ಪೂರ್ತಿ ವಿವೇಕದ್ದು ಎನಿಸುತ್ತದೆ.

ಕೆಳ ದರ್ಜೆಗೆ ತಳ್ಳುವ ಪದ್ಧತಿ ಅಲ್ಲಿಲ್ಲ. 30 ತಂಡಗಳದು ಮುಚ್ಚಿದ ಲೀಗ್. ಯುರೋಪಿನ ಫುಟ್‌ಬಾಲ್‌ನಂತೆ ಯಾರೂ ಇಳಿಯುವುದಿಲ್ಲ, ಯಾರೂ ಏರುವುದಿಲ್ಲ. ಸೋತವರಿಗೆ ಶಿಕ್ಷೆಯ ಬದಲು ಬಹುಮಾನ: ಮುಂದಿನ ವರ್ಷ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲ ಸರದಿಗಳು. ಬೇಕೆಂದೇ ಸೋಲುವುದು ಹೆಚ್ಚಾಯಿತೆಂದು ಈಗ ಮೊದಲ ಆರು ಸರದಿಗೆ ಚೀಟಿ ಎತ್ತುತ್ತಾರೆ. ಇಲ್ಲೇ ವೈಟ್ ಸಾಕ್ಸ್‌ಗೆ ಕೊನೆಯ ಪೆಟ್ಟು ಬಿದ್ದದ್ದು. ದೊಡ್ಡ ಊರಿನ, ಲೀಗಿನ ಆದಾಯ ಹಂಚಿಕೆಗೆ ಹಣ ಕೊಡುವ ತಂಡಕ್ಕೆ ಸತತ ಎರಡು ವರ್ಷ ಈ ಚೀಟಿಯ ಸರದಿ ಸಿಗುವಂತಿಲ್ಲ. 2024ರಲ್ಲಿ ಅವರು ಐದನೇ ಸರದಿ ಪಡೆದಿದ್ದರು. ಹಾಗಾಗಿ 121 ಸೋತರೂ 2025ರ ಡ್ರಾಫ್ಟ್‌ನಲ್ಲಿ ಹತ್ತನೆಯವರಾಗಿ ನಿಂತರು. ಈ ನಿಯಮ ಗುಟ್ಟಿನದೇನಲ್ಲ, ಆಟಗಾರರ ಸಂಘದೊಂದಿಗಿನ 2022ರ ಒಪ್ಪಂದದಲ್ಲೇ ಇದೆ. ಸೋಲನ್ನೇ ಬಂಡವಾಳ ಮಾಡಿಕೊಳ್ಳಲು ಹೊರಟವರು ಅದರ ಲಾಭ ಯಾವ ವರ್ಷ ಬರುತ್ತದೆಂದು ಮೊದಲು ನೋಡಬೇಕಿತ್ತು.

ಕ್ರೋಶೆಯನ್ನು 2024ರ ಡಿಸೆಂಬರ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ಗೆ ಕೊಟ್ಟು, ಕ್ಯಾಚರ್ ಕೈಲ್ ಟೀಲ್ ಸೇರಿ ನಾಲ್ವರು ಯುವಕರನ್ನು ತಂದರು. ಹೊಸ ಮ್ಯಾನೇಜರ್ ವಿಲ್ ವೆನೆಬಲ್ ಕೈಕೆಳಗೆ 2025ರಲ್ಲಿ ತಂಡ 60-102. ಹತ್ತೊಂಬತ್ತು ಗೆಲುವು ಹೆಚ್ಚಾದರೂ ನೂರು ಸೋಲಿನ ಗೆರೆ ದಾಟಿಯೇ ಇದೆ. ಬಾಸ್ಟನ್‌ನಲ್ಲಿ ಇನಿಂಗ್ಸ್ ಮಿತಿ ತೆಗೆದು, ಹಿಂದೆ ರನ್ ಹೊಡೆಯುವವರನ್ನು ಇಟ್ಟ ಮೇಲೆ ಕ್ರೋಶೆ ಅದೇ ವರ್ಷ 255 ಸ್ಟ್ರೈಕ್‌ಔಟ್ ಮಾಡಿ 18-5 ಬರೆಸಿಕೊಂಡರು.

– ಸಂಪಾದಕ