ಕನಸಿನ ಊರಿಗೂ ವಿಳಾಸವಿದೆಯೇ?

ಪ್ರಶ್ನೆ: ಕಣ್ಣಿಗೆ ಕಂಡದ್ದಕ್ಕಿಂತ ಕನಸು, ಭಾವಗಳನ್ನು ಸಂಕೇತಗಳ ಮೂಲಕ ತೋರಿಸಿದ, 19ನೆಯ ಶತಮಾನದ ಕೊನೆಯ ಸಿಂಬಲಿಸ್ಟ್ ಚಿತ್ರಕಾರರು ಬರೆದ ಮನೆಗಳು, ದ್ವೀಪಗಳು, ಅರಮನೆಗಳು ಕನಸಿನಲ್ಲಿ ಕಂಡವುಗಳಂತೆ ತೋರುತ್ತವೆ. ಇವು ಪೂರ್ತಿ ಕಲ್ಪನೆಯೇ, ಅಥವಾ ನೋಡಿ ಬರೆದ ಸ್ಥಳಗಳೇ?

ಉತ್ತರ: ಪೂರ್ತಿ ಕಲ್ಪನೆ ಎನ್ನಿಸುವ ಚಿತ್ರದೊಳಗೂ ಎಷ್ಟೋ ಸಲ ನಿಜವಾದ ಜಾಗವೊಂದು ಅಡಗಿರುತ್ತದೆ. ಬೆಲ್ಜಿಯಂನ ಫೆರ್ನಾಂ ಕ್ನಾಪ್ಫ್ 1904ರಲ್ಲಿ ಪೆನ್ಸಿಲ್ ಮತ್ತು ಪಾಸ್ಟೆಲ್‌ಗಳಿಂದ ಕಾಗದದ ಮೇಲೆ ಬರೆದ, ಈಗ ಬ್ರಸೆಲ್ಸ್‌ನ ರಾಯಲ್ ಮ್ಯೂಸಿಯಂನಲ್ಲಿರುವ ‘ತೊರೆದ ಊರು’ ಚಿತ್ರವನ್ನು ನೋಡಿ. ಮುಚ್ಚಿದ ಬಾಗಿಲುಗಳ ಮನೆಸಾಲು, ಅದರ ಮುಂದಿನ ಬಯಲಿನ ಮೇಲೆ ಏರಿಬರುತ್ತಿರುವ ನೀರು, ಸಮುದ್ರ ಎಲ್ಲಿ ಮುಗಿದು ಆಕಾಶ ಎಲ್ಲಿ ಆರಂಭವಾಯಿತೆಂದು ತಿಳಿಯದ ಬೂದುಬಣ್ಣ. ಮನುಷ್ಯರ ಸುಳಿವೇ ಇಲ್ಲ. ಆ ಮನೆಗಳು ಬೆಲ್ಜಿಯಂನದೇ ಆದ ಬ್ರೂಜ್ ನಗರದ ನಿಜವಾದ ಚೌಕವೊಂದರವು. ಅಲ್ಲಿ 1871ರಲ್ಲಿ ನಿಲ್ಲಿಸಿದ್ದ, 15ನೆಯ ಶತಮಾನದ ಚಿತ್ರಕಾರ ಹಾನ್ಸ್ ಮೆಮ್ಲಿಂಗ್ ಅವರ ಪ್ರತಿಮೆಯನ್ನು ಕ್ನಾಪ್ಫ್ ತೆಗೆದುಹಾಕಿ, ಪೀಠವನ್ನಷ್ಟೇ ಉಳಿಸಿದರು. ಪೀಠವನ್ನೂ ಅಳಿಸಿದ್ದರೆ ಚಿತ್ರ ಇಷ್ಟು ಕಾಡುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಇದ್ದವರು ಹೊರಟುಹೋಗಿದ್ದಾರೆ ಎಂದು ಹೇಳುವುದು ಆ ಖಾಲಿ ಕಲ್ಲೇ.

ನೀರಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಮಧ್ಯಯುಗದಲ್ಲಿ ದೊಡ್ಡ ವ್ಯಾಪಾರಕೇಂದ್ರವಾಗಿದ್ದ ಬ್ರೂಜ್, ಸಮುದ್ರಕ್ಕೆ ದಾರಿಯಾಗಿದ್ದ ಜ್ವಿನ್ ಖಾರಿಯಲ್ಲಿ ಹೂಳು ತುಂಬಿದ್ದರಿಂದ ಬಡವಾಯಿತು. ಊರನ್ನು ಬಿಟ್ಟುಹೋದ ಆ ಸಮುದ್ರವನ್ನೇ ಕ್ನಾಪ್ಫ್ ಚೌಕದ ಅಂಚಿಗೆ ಮರಳಿ ಕರೆತಂದಿದ್ದಾರೆ, ಆದರೆ ಹಡಗುಗಳಿಲ್ಲದೆ. ಬಾಲ್ಯದ ಕೆಲವು ವರ್ಷಗಳನ್ನು ಅವರು ಕಳೆದದ್ದು ಇದೇ ಊರಿನಲ್ಲಿ. ಬ್ರೂಜ್ ಕುರಿತು 1892ರಲ್ಲಿ ಬಂದ ಜಾರ್ಜ್ ರೋಡೆನ್‌ಬಾಕ್ ಅವರ ಕಾದಂಬರಿಗೆ ಮುಖಚಿತ್ರ ಬರೆದವರೂ ಅವರೇ. ಆ ಪುಸ್ತಕದಲ್ಲಿ ಅಚ್ಚಾಗಿದ್ದ ಫೋಟೋಗಳು ಮುಂದೆ ಅವರ ಬ್ರೂಜ್ ಚಿತ್ರಗಳಿಗೆ ಆಧಾರವಾದವು.

1880ರಿಂದ 1886ರವರೆಗೆ ಸ್ವಿಸ್ ಚಿತ್ರಕಾರ ಅರ್ನಾಲ್ಡ್ ಬೋಕ್ಲಿನ್ ಐದು ಬಾರಿ ಬರೆದ ‘ಮೃತರ ದ್ವೀಪ’ಕ್ಕೆ ಇಂಥ ಒಂದೇ ಮೂಲವನ್ನು ತೋರಿಸಲಾಗದು. ಆದರೂ ಫ್ಲಾರೆನ್ಸ್‌ನಲ್ಲಿ ಅವರ ಸ್ಟುಡಿಯೋಗೆ ಸಮೀಪದಲ್ಲಿದ್ದ, ಅವರ ಹಸುಗೂಸು ಮಗಳನ್ನು ಹೂಳಿದ್ದ ಇಂಗ್ಲಿಷ್ ಸ್ಮಶಾನದ ಸೈಪ್ರಸ್ ಮರಗಳನ್ನು ಈ ಚಿತ್ರದ ದ್ವೀಪದಲ್ಲಿ ನಿಂತಿರುವ ಸೈಪ್ರಸ್‌ಗಳಿಂದ ಬೇರ್ಪಡಿಸಿ ನೋಡುವುದು ಕಷ್ಟ.

ಫ್ರಾನ್ಸಿನ ಗುಸ್ತಾವ್ ಮೊರೊ ಅವರ ದಾರಿ ಇದಕ್ಕೆ ತದ್ವಿರುದ್ಧ. ಕ್ನಾಪ್ಫ್ ಕಳೆಯುತ್ತ ಹೋದರೆ ಮೊರೊ ಕೂಡಿಸುತ್ತ ಹೋಗುತ್ತಾರೆ. ಸೋತ ಪೋರಸ್ ರಾಜನ ಪ್ರಸಂಗವಿರುವ ‘ಅಲೆಕ್ಸಾಂಡರನ ವಿಜಯ’ ಚಿತ್ರದ ಹಿನ್ನೆಲೆಯಲ್ಲಿ, ಭಾರತಕ್ಕೆ ಒಮ್ಮೆಯೂ ಬಾರದ ಅವರು ನಮ್ಮ ದೇಗುಲಗಳನ್ನು ಹೋಲುವ ಕಟ್ಟಡಗಳನ್ನು ಚಿತ್ರ, ಫೋಟೋಗಳ ಆಧಾರದಿಂದ ಒಂದರ ಮೇಲೊಂದು ಪೇರಿಸಿದ್ದಾರೆ. ದೇವಾಲಯಗಳನ್ನು ಬಲ್ಲ ನಮ್ಮ ಕಣ್ಣಿಗೆ ಬಿಡಿಭಾಗಗಳು ಪರಿಚಿತವೆನಿಸಿದರೂ ಒಟ್ಟು ನಗರ ಯಾವ ನಕ್ಷೆಯಲ್ಲೂ ಸಿಗುವುದಿಲ್ಲ.