ಅಯಸ್ಕಾಂತದೊಳಗೆ ಅತಿವಾಹಕತೆ: ಮತ್ತೆ ಮತ್ತೆ ಬರುವ ಪ್ರಶ್ನೆಗಳು

ಪ್ರಶ್ನೆ: ಅಯಸ್ಕಾಂತವು ಅತಿವಾಹಕತೆಯನ್ನು, ಅಂದರೆ ರೋಧವಿಲ್ಲದೆ ವಿದ್ಯುತ್ ಹರಿಯುವ ಗುಣವನ್ನು, ಕೊಲ್ಲುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ಅಯಸ್ಕಾಂತವಾದ ಕೋಬಾಲ್ಟ್ ಮೂಲಕ ರೋಧವಿಲ್ಲದೆ ವಿದ್ಯುತ್ ಹರಿಯಿತೆನ್ನುವುದು ಸುಳ್ಳಲ್ಲವೇ?

ಉತ್ತರ: ಸುಳ್ಳಲ್ಲ. ಪಠ್ಯಪುಸ್ತಕದ ಒಂದು ಸಾಲನ್ನು ಎಲ್ಲ ಕಡೆಗೂ ಸಲ್ಲುವ ನಿಯಮವೆಂದು ಹಿಡಿದುಕೊಂಡವರು ಇದನ್ನು ನನಗೆ ಎಷ್ಟು ಸಲ ಬರೆದಿದ್ದಾರೋ ಲೆಕ್ಕವಿಲ್ಲ. ಅತಿವಾಹಕದಲ್ಲಿ ಎಲೆಕ್ಟ್ರಾನ್‌ಗಳು ಎರಡೆರಡಾಗಿ ಕೂಡಿಕೊಂಡು ರೋಧವಿಲ್ಲದೆ ಹರಿಯುತ್ತವೆ; ಅಂತಹ ಜೋಡಿಗೆ ಕೂಪರ್ ಜೋಡಿ ಎನ್ನುತ್ತಾರೆ. ನಯೋಬಿಯಂನಂತಹ ಸಾಮಾನ್ಯ ಅತಿವಾಹಕದಲ್ಲಿ ಆ ಜೋಡಿಯ ಎರಡು ಎಲೆಕ್ಟ್ರಾನ್‌ಗಳ ಸ್ಪಿನ್ (ಎಲೆಕ್ಟ್ರಾನನ್ನು ಪುಟ್ಟ ಅಯಸ್ಕಾಂತವಾಗಿಸುವ ಗುಣ) ಪರಸ್ಪರ ವಿರುದ್ಧವಾಗಿರುತ್ತದೆ. ಕೋಬಾಲ್ಟ್‌ನ ವಿನಿಮಯ ಕ್ಷೇತ್ರವು (ಸ್ಪಿನ್‌ಗಳನ್ನು ಸಾಲಾಗಿ ನಿಲ್ಲಿಸುವ ಅಯಸ್ಕಾಂತದ ಒಳಬಲ) ಆ ಎರಡನ್ನೂ ಒಂದೇ ದಿಕ್ಕಿಗೆ ಎಳೆಯುವುದರಿಂದ ಜೋಡಿ ಕೆಲವೇ ನ್ಯಾನೋಮೀಟರ್ ಒಳಹೋಗುವಷ್ಟರಲ್ಲಿ ಚದುರಿಹೋಗುತ್ತದೆ. ಅದೇ ಜೋಡಿ ಸಾಕಷ್ಟು ತಣ್ಣಗಿರುವ ತಾಮ್ರದಲ್ಲಿ ಮೈಕ್ರೋಮೀಟರ್‌ನಷ್ಟು ದೂರ ಸಾಗಬಲ್ಲದು.

ಚದುರುವುದು ವಿರುದ್ಧ ಸ್ಪಿನ್‌ಗಳ ಜೋಡಿ ಮಾತ್ರ ಎಂಬುದನ್ನೇ ಎಲ್ಲರೂ ಮರೆಯುತ್ತಾರೆ. ಎರಡೂ ಸ್ಪಿನ್ ಒಂದೇ ಕಡೆಗಿರುವ ಟ್ರಿಪ್ಲೆಟ್ ಜೋಡಿಯನ್ನು ವಿನಿಮಯ ಕ್ಷೇತ್ರ ಒಡೆಯಲಾರದು. ಅತಿವಾಹಕ ಮತ್ತು ಅಯಸ್ಕಾಂತ ಕೂಡುವ ಗಡಿಯಲ್ಲಿ ಕಾಂತೀಕರಣದ ದಿಕ್ಕು ಏಕರೂಪವಾಗಿಲ್ಲದಿದ್ದರೆ ಸಾಮಾನ್ಯ ಜೋಡಿಗಳೇ ಟ್ರಿಪ್ಲೆಟ್ ಆಗಿ ಮಾರ್ಪಟ್ಟು ದೂರ ಸಾಗಬಲ್ಲವೆಂದು ಭೌತವಿಜ್ಞಾನಿಗಳಾದ ಬರ್ಗೆರೆಟ್, ವೋಲ್ಕೋವ್ ಮತ್ತು ಎಫೆಟೋವ್ 2001ರಲ್ಲಿ ತೋರಿಸಿದರು. ಎರಡು ಎಲೆಕ್ಟ್ರಾನ್‌ಗಳು ಒಂದೇ ಸ್ಥಿತಿಯಲ್ಲಿರಲಾರವೆನ್ನುವ ಪೌಲಿ ನಿಯಮ ಇದರಿಂದ ಮುರಿಯುವುದಿಲ್ಲ. ಆ ಜೋಡಿಯ ತರಂಗಫಲನ (ಅದರ ಸ್ಥಿತಿಯನ್ನು ವರ್ಣಿಸುವ ಗಣಿತ) ಕಾಲದ ದೃಷ್ಟಿಯಿಂದ ಬೆಸವಾಗಿರುತ್ತದೆ, ಅಂದರೆ ಎರಡು ಎಲೆಕ್ಟ್ರಾನ್‌ಗಳ ಕಾಲವನ್ನು ಅದಲುಬದಲು ಮಾಡಿದರೆ ಅದರ ಚಿಹ್ನೆ ಬದಲಾಗುತ್ತದೆ, ಅಷ್ಟೇ. 2006ರಲ್ಲಿ ಒಂದೇ ಬಗೆಯ ಸ್ಪಿನ್ ಮಾತ್ರ ಹರಿಯುವ ಅಯಸ್ಕಾಂತವಾದ ಕ್ರೋಮಿಯಂ ಡೈಆಕ್ಸೈಡ್‌ನಲ್ಲಿ, ಅಂದರೆ ಸಾಮಾನ್ಯ ಜೋಡಿ ಕಾಲಿಡಲೂ ಆಗದ ಕಡೆ, ಅತಿವಾಹಕ ಪ್ರವಾಹವು ನೂರಾರು ನ್ಯಾನೋಮೀಟರ್ ದಾಟಿತು.

ನನಗೆ ಹೆಚ್ಚು ಮನವರಿಕೆಯಾದದ್ದು 2010ರ ಪ್ರಯೋಗ. ನಯೋಬಿಯಂ ಮತ್ತು ಕೋಬಾಲ್ಟ್ ನಡುವೆ, ಕಾಂತೀಕರಣ ಸುರುಳಿಯಂತೆ ತಿರುಗುತ್ತಾ ಹೋಗುವ ಹೋಲ್ಮಿಯಂನ ತೆಳು ಪದರವನ್ನು ಎರಡೂ ಬದಿಗೆ ಇಟ್ಟಾಗ, ಕೋಬಾಲ್ಟ್ ದಪ್ಪವಾದಂತೆಲ್ಲ ಪ್ರವಾಹ ಬಹಳ ನಿಧಾನವಾಗಿ ತಗ್ಗಿತು. ಒಂದೇ ದಪ್ಪದ ಒಂದೇ ಮಾದರಿಯನ್ನು ಹಿಡಿದು ಟ್ರಿಪ್ಲೆಟ್ ಸಿಕ್ಕಿತೆಂದು ಬರುವವರನ್ನು ನಾನು ನಂಬುವುದಿಲ್ಲ, ಏಕೆಂದರೆ ನಡುವಿನ ಪದರದಲ್ಲಿ ಕಣ್ಣಿಗೆ ಕಾಣದ ಒಂದು ರಂಧ್ರವಿದ್ದು ಎರಡು ನಯೋಬಿಯಂ ಪದರಗಳು ಅದರ ಮೂಲಕ ತಾಗಿದರೂ ಅಳತೆಯಲ್ಲಿ ಪ್ರವಾಹ ಕಾಣುತ್ತದೆ. ದಪ್ಪವನ್ನು ಹಂತಹಂತವಾಗಿ ಬದಲಿಸಿದ ಮಾದರಿಗಳ ಸಾಲು ಬೇಕೇ ಬೇಕು.

ಪ್ರಶ್ನೆ: ಅಯಸ್ಕಾಂತದ ಮೇಲೆ ತೇಲುವ ಚೂರು ಅತಿವಾಹಕವೇ?

ಉತ್ತರ: ತೇಲುವುದು ಸಾಕ್ಷಿಯಲ್ಲ, ಗ್ರಾಫೈಟ್ ಕೂಡ ತೇಲುತ್ತದೆ, 2023ರಲ್ಲಿ ಕೋಣೆಯ ತಾಪದಲ್ಲೇ ಅತಿವಾಹಕವೆಂದು ಸುದ್ದಿಯಾದ ಎಲ್‌ಕೆ-99ರ ವಿಡಿಯೊಗಳಿಗೆ ಮರುಳಾದವರು ಇದನ್ನಾದರೂ ಕಲಿಯಬೇಕಿತ್ತು.

ಪ್ರಶ್ನೆ: ನೋವು ಕಳೆಯುವ ‘ಅತಿವಾಹಕ’ ಕಡಗ ಕೊಳ್ಳಬಹುದೇ?

ಉತ್ತರ: ಬೇಡ. ನಯೋಬಿಯಂ ಅತಿವಾಹಕವಾಗುವುದು ಸುಮಾರು 9.2 ಕೆಲ್ವಿನ್‌ಗಿಂತ (ಸುಮಾರು −264 ಡಿಗ್ರಿ ಸೆಲ್ಸಿಯಸ್) ಕೆಳಗೆ. ಮೈಯ ಬಿಸಿಯಲ್ಲಿ ಕೆಲಸ ಮಾಡುವ ಅತಿವಾಹಕವನ್ನು ಮಾರುತ್ತೇವೆನ್ನುವವರು ಮೋಸಗಾರರು.

ಪ್ರಶ್ನೆ: ಅತಿವಾಹಕಕ್ಕೆ ತಾಗಿಸಿದ ಸಾಧನದ ವಾಹಕತೆಯ ನಕ್ಷೆಯಲ್ಲಿ ಶೂನ್ಯ ವೋಲ್ಟೇಜಿನಲ್ಲಿ ಶಿಖರ ಕಂಡರೆ ಮಜೊರಾನಾ (ತನ್ನ ಪ್ರತಿಕಣ ತಾನೇ ಆಗಿರುವ ಕಣದಂತಹ ಸ್ಥಿತಿ) ಸಿಕ್ಕಂತೆಯೇ?

ಉತ್ತರ: ಅಲ್ಲ. ಅತಿವಾಹಕದ ಗಡಿಯಲ್ಲಿ ಎಲೆಕ್ಟ್ರಾನ್‌ಗಳು ಸಿಕ್ಕಿಕೊಂಡು ಉಂಟಾಗುವ ಸಾಧಾರಣ ಆಂಡ್ರೀವ್ ಸ್ಥಿತಿಗಳೂ ಅಂತಹುದೇ ಶಿಖರ ಕೊಡುತ್ತವೆ, ಮತ್ತು ಇಂತಹ ಶಿಖರವನ್ನೇ ಆಧಾರವಾಗಿಟ್ಟುಕೊಂಡಿದ್ದ 2018ರ ಹೆಸರಾಂತ ಪ್ರಬಂಧವೊಂದನ್ನು ಅದರ ಲೇಖಕರೇ 2021ರಲ್ಲಿ ಹಿಂತೆಗೆದುಕೊಂಡರು.